ಕೈ ಬಿಚ್ಚಿ ಮುಚ್ಚುವ ಹವಳ

ಮಧುಗಿರಿಯ ನಮ್ಮ ಮನೆಯ ಮಹಡಿಯಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರು ಬಾಡಿಗೆಗಿದ್ದರು. ಅವರಿಗೆ ಇದ್ದಕ್ಕಿದ್ದಂತೆ ಉತ್ತರದ ಯಾವುದೋ ಊರಿಗೆ ವರ್ಗವಾಯಿತು. ಮಂಚ, ಬೀರು, ಫ್ರಿಜ್ಜು ಎಲ್ಲ ಲಾರಿ ಏರಿದ ಮೇಲೆ ಅವರು ಕೆಳಗಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

“ಡಾಕ್ಟ್ರೇ, ಒಂದು ಉಪಕಾರ ಆಗಬೇಕು. ನೀವು ಹೇಗೂ ಪ್ರಾಣಿಗಳ ಡಾಕ್ಟ್ರು ಅಲ್ವಾ?”

ನಾನು ಪಶುವೈದ್ಯೆ. ಕುರಿ, ಮೇಕೆ, ಎಮ್ಮೆ, ಹಸು, ಅಪರೂಪಕ್ಕೊಮ್ಮೆ ಕಾಲು ಮುರಿದುಕೊಂಡ ನಾಯಿ, ಇಷ್ಟೇ ನನ್ನ ಲೋಕ. ಅವರು ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ತೋರಿಸಿದ್ದು ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಬಿಳಿ ಮರಳು, ಕಲ್ಲುಗಳ ಗುಡ್ಡೆ, ಮೇಲೆ ನೀಲಿ ಬೆಳಕು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಹೊದ್ದ ಎರಡು ಕ್ಲೌನ್ ಮೀನುಗಳು, ಮರಳಿನ ಮೇಲೆ ಕೂತು ಎಲ್ಲರನ್ನೂ ಅನುಮಾನದಿಂದ ನೋಡುವ ಒಂದು ಚಿಕ್ಕ ಮೀನು, ನಾಲ್ಕೈದು ಶಂಖದ ಹುಳುಗಳು. ಕಲ್ಲಿನ ಮೇಲೆ ಅಂಗೈಯಗಲದ ಕಂದು ಬಣ್ಣದ ತೊಗಲು ಹವಳ. ಅದರ ಪಕ್ಕದ ಕಲ್ಲಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ, ಹಾಲಿನ ಬಣ್ಣದ ಒಂದು ಗೊಂಚಲು.

“ಕಲ್ಲು ಹವಳ ಯಾವುದೂ ಇಟ್ಟಿಲ್ಲ, ಅದಕ್ಕೆ ಕಾನೂನು ಒಪ್ಪಲ್ಲ. ಇವೆರಡೂ ಮೆದು ಹವಳ. ತೊಗಲು ಹವಳ ಸ್ವಲ್ಪ ಮುನಿಸಿಕೊಳ್ಳುತ್ತೆ. ಈ ಬಿಳೀದರ ಚಿಂತೆ ಬೇಡ, ಇದು ಹೇಗಾದರೂ ಬದುಕಿಕೊಳ್ಳುತ್ತೆ,” ಎಂದರು. ಆ ಕೊನೆಯ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಬಿಳಿ ಗೊಂಚಲಿನ ಒಂದೊಂದು ಕಡ್ಡಿಯ ತುದಿಯಲ್ಲೂ ಎಂಟು ಬೆರಳಿನ ಒಂದು ಪುಟ್ಟ ಕೈ. ಆ ಕೈಗಳು ನಿಧಾನವಾಗಿ ಬಿಚ್ಚುತ್ತಿದ್ದವು, ಮುಚ್ಚುತ್ತಿದ್ದವು. ಎಲ್ಲವೂ ಒಟ್ಟಿಗಲ್ಲ, ಒಂದೊಂದಕ್ಕೂ ಅದರದೇ ಲಯ. ಜೀನಿಯಾ ಎಂದು ಅದರ ಹೆಸರು. ನಾನು ಬೇಡ ಎನ್ನಬೇಕೆಂದೇ ಮೆಟ್ಟಿಲು ಹತ್ತಿದ್ದೆ. ಅದನ್ನು ನೋಡುತ್ತಾ ನಿಂತು ಹೂಂ ಎಂದುಬಿಟ್ಟೆ.

ಇಡೀ ಒಂದು ದಿನ ಹಿಡಿಯಿತು, ಬಕೆಟ್ಟು ಬಕೆಟ್ಟಾಗಿ ನೀರು ಇಳಿಸಿ, ಕಲ್ಲುಗಳನ್ನು ಟಬ್ಬಿನಲ್ಲಿಟ್ಟು, ತೊಟ್ಟಿಯನ್ನು ನಮ್ಮ ನಡುಮನೆಗೆ ತರಲು. ನನ್ನ ಗಂಡ ಅಂದು ಸೊಂಟ ಹಿಡಿದುಕೊಂಡವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ನಮ್ಮತ್ತೆ ವೈ.ಎನ್. ಹೊಸಕೋಟೆಯ ಕಡೆಯವರು. ಮಾತಿನ ಮಧ್ಯೆ ತೆಲುಗು ತಾನಾಗಿ ಬರುತ್ತದೆ. ಬದುಕಿಡೀ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತ ಕೈ. ಈಗ ಮಂಡಿನೋವಿನಿಂದ ನಮ್ಮ ಮನೆಯ ಕುರ್ಚಿಯಲ್ಲಿ, ಎಲೆಅಡಿಕೆ ಚೀಲದೊಡನೆ. ಆ ಕುರ್ಚಿ ಟೀವಿಯ ಕಡೆಗಿತ್ತು. ತೊಟ್ಟಿ ಬಂದ ಮೂರನೇ ದಿನಕ್ಕೆ ಅವರೇ ಅದನ್ನು ತಿರುಗಿಸಿಕೊಂಡರು.

“ಇದು ಗಿಡವಾ, ಪ್ರಾಣಿಯಾ?”

“ಪ್ರಾಣಿ ಅತ್ತೆ.”

“ಪ್ರಾಣಿ ಆದ್ರೆ ಬಾಯೆಲ್ಲೈತೆ?”

“ಆ ಬೆರಳುಗಳ ಮಧ್ಯೆ.”

“ಅಯ್ಯೋ ದೇವುಡಾ! ಅಂಗೈಯಾಗೆ ಬಾಯಾ?” ಎಂದು ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು.

ನನಗೂ ಹುಚ್ಚು ಹಿಡಿಯಿತು. ಆಸ್ಪತ್ರೆಯಲ್ಲಿ ಹಸುವಿನ ನಾಡಿ ಎಣಿಸುವ ಹಾಗೆ ಗಡಿಯಾರ ಹಿಡಿದು ಜೀನಿಯಾದ ಒಂದು ಕೈ ನಿಮಿಷಕ್ಕೆ ಎಷ್ಟು ಸಲ ಬಿಚ್ಚುತ್ತದೆ ಎಂದು ಎಣಿಸುತ್ತಿದ್ದೆ. ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಇನ್ನೊಂದು. ಮೀನಿಗೆ ಹಾಕಿದ ಆಹಾರ ಹೆಚ್ಚಾದರೆ ಅದು ಚುರುಕಾಗುತ್ತದೆಯೇ ಎಂದು ನೋಡಲು ಎರಡು ಚಿಟಿಕೆಯ ಕಡೆ ನಾಲ್ಕು ಚಿಟಿಕೆ ಹಾಕಿದೆ. ಚುರುಕಾದ ಹಾಗೆ ಕಂಡಿತು. ಇನ್ನೂ ಹಾಕಿದೆ.

ತೊಟ್ಟಿಗೆ ಬೇಕಾದ ನೀರಿನದ್ದೇ ಒಂದು ಕಥೆ. ನಮ್ಮ ಬೋರಿನ ನೀರು ಗಡಸು. ಸ್ಟೀಲ್ ಲೋಟದಲ್ಲಿ ಒಂದು ರಾತ್ರಿ ಇಟ್ಟರೆ ಬಿಳಿ ಗೆರೆ ಬೀಳುತ್ತದೆ. ಹಾಗಾಗಿ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದು, ಅದಕ್ಕೆ ಪ್ಯಾಕೆಟ್ಟಿನ ಸಮುದ್ರದ ಉಪ್ಪನ್ನು ಅಳೆದು ಕಲೆಸಬೇಕು. ಅತ್ತೆಗೆ ಇದು ಮಾತ್ರ ಅರಗಲಿಲ್ಲ. “ನಾವು ಸಿಹಿನೀರಿಗೋಸ್ಕರ ಬಿಂದಿಗೆ ಹೊತ್ತು ಊರೂರು ತಿರುಗ್ದೋರು. ನೀನು ಸಿಹಿನೀರು ತಂದು ಉಪ್ಪು ಸುರೀತೀಯಲ್ಲಮ್ಮ!” ಎನ್ನುತ್ತಿದ್ದರು. ಆದರೂ ಉಪ್ಪು ಕರಗಿತೋ ಇಲ್ಲವೋ ಎಂದು ಕೋಲಿನಲ್ಲಿ ತಿರುವಿ ನೋಡುತ್ತಿದ್ದವರು ಅವರೇ.

ನಾಲ್ಕು ತಿಂಗಳಲ್ಲಿ ಹೆಬ್ಬೆರಳಿನಷ್ಟಿದ್ದ ಗೊಂಚಲು ಇಡೀ ಕಲ್ಲನ್ನು ಹೊದ್ದುಕೊಂಡಿತು. ನಮಗೆ ಹೆಮ್ಮೆ. ನೆಂಟರು ಬಂದರೆ ಕರೆದು ತೋರಿಸುತ್ತಿದ್ದೆವು. ಆಮೇಲೆ ಅದು ಪಕ್ಕದ ಕಲ್ಲಿಗೆ ದಾಟಿತು. ಅಲ್ಲಿಂದ ಹಿಂದಿನ ಗಾಜಿಗೆ. ಒಂದು ಬೆಳಿಗ್ಗೆ ನೋಡುತ್ತೇನೆ, ಪಂಪಿನ ಬಾಯಿಯ ಮೇಲೇ ಐದಾರು ಕೈಗಳು ಕೂತು ಬಿಚ್ಚಿ ಮುಚ್ಚುತ್ತಿವೆ. ತೊಗಲು ಹವಳದ ಅರ್ಧ ಭಾಗ ಇದರ ನೆರಳಿಗೆ ಸಿಕ್ಕಿತ್ತು. ಅದು ತನ್ನ ಸಣ್ಣ ಬಾಯಿಗಳನ್ನೆಲ್ಲ ಒಳಗೆಳೆದುಕೊಂಡು ಒಣಗಿದ ಚರ್ಮದ ಹಾಗೆ ಸುಕ್ಕುಗಟ್ಟಿ ಕೂತಿತ್ತು. ಹತ್ತು ದಿನ ಕಾದೆ, ಅರಳಲಿಲ್ಲ.

ಬ್ಯಾಂಕಿನ ಅಧಿಕಾರಿಗೆ ಫೋನು ಮಾಡಿದೆ. ಅವರು ಜೋರಾಗಿ ನಕ್ಕರು. “ಹೇಳೋಕೆ ಮರೆತೇಬಿಟ್ಟೆ ಡಾಕ್ಟ್ರೇ. ನಾನು ಪ್ರತಿ ಭಾನುವಾರ ಅದನ್ನ ಕೀಳ್ತಿದ್ದೆ. ನೀವು ಒಂದು ಸಲವೂ ಕಿತ್ತಿಲ್ವಾ?”

ಅಂದೇ ಕತ್ತರಿ ಹಿಡಿದೆ. ಕಡ್ಡಿಗಳನ್ನು ಬುಡದಲ್ಲಿ ಕತ್ತರಿಸಿದೆ. ಕೈಗೆ ಲೋಳೆ ಅಂಟಿತು, ಮೂಗಿಗೆ ಹಸಿ ವಾಸನೆ ಹೊಡೆಯಿತು. ಕತ್ತರಿಸಿದ ತುಂಡುಗಳಲ್ಲಿ ಕೆಲವು ಕೈ ತಪ್ಪಿ ನೀರಿನಲ್ಲಿ ತೇಲಿ ಹೋದವು. ಎರಡು ವಾರ ಕಳೆಯಿತು. ಕತ್ತರಿಸಿದ ಬುಡಗಳೆಲ್ಲ ಮತ್ತೆ ಚಿಗುರಿದವು. ತೇಲಿ ಹೋದ ತುಂಡುಗಳು ಹೋದಹೋದಲ್ಲಿ ನೆಲೆ ಹಿಡಿದು ಹೊಸ ಗೊಂಚಲುಗಳಾಗಿದ್ದವು. ಒಂದು ಶಂಖದ ಹುಳು ತನ್ನ ಚಿಪ್ಪಿನ ಮೇಲೆ ಎರಡು ಕೈಗಳನ್ನು ಹೊತ್ತುಕೊಂಡು ಗಾಜಿನ ಮೇಲೆ ಹರಿಯುತ್ತಿತ್ತು.

ಅತ್ತೆ ಅದನ್ನು ನೋಡಿ ನಗಲಿಲ್ಲ. “ಕುಯ್ದ್ರೆ ಓಗಲ್ಲ ಕಣಮ್ಮ ಇದು. ಗರಿಕೆ ಇದ್ದಂಗೈತೆ. ಗೆಣ್ಣು ಒಂದು ಉಳೀತು ಅಂದ್ರೆ ಮುಗೀತು,” ಎಂದರು.

ಆ ತಿಂಗಳು ಶಿರಾ ತಾಲ್ಲೂಕಿನಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸಕ್ಕೆ ನನ್ನನ್ನೂ ಕಳುಹಿಸಿದ್ದರು. ತಾವರೆಕೆರೆಯಲ್ಲಿ ಬೆಳಿಗ್ಗೆ ಲಸಿಕೆ ಮುಗಿಸಿ ಶಿರಾಕ್ಕೆ ಬಂದಾಗ ಬಸ್ಸಿಗೆ ಒಂದು ಗಂಟೆ ಸಮಯವಿತ್ತು. ಪಕ್ಕದ ರಸ್ತೆಯಲ್ಲಿ ಬಣ್ಣದ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿ ಕಂಡು ಒಳಗೆ ಹೋದೆ. ಅಂಗಡಿಯ ಭಾಯಿಗೆ ಐವತ್ತು ದಾಟಿರಬೇಕು. ನಾನು ಫೋನಿನಲ್ಲಿ ತೊಟ್ಟಿಯ ಫೋಟೋ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದರು.

“ಅರೇ ಮೇಡಂ, ಜೀನಿಯಾ! ಶಿರಾದಾಗೆ ಇದನ್ನ ನೋಡ್ತೀನಿ ಅಂತ ಅನ್ಕೊಂಡೇ ಇರ್ಲಿಲ್ಲ.” ಅವರು ಹದಿನೈದು ವರ್ಷ ಬೆಂಗಳೂರಿನ ಒಂದು ದೊಡ್ಡ ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ ಮಾಡಿದವರಂತೆ. “ಏನು ಹಾಕ್ತೀರಿ ಮೀನಿಗೆ? ಎಷ್ಟು ಸಲ?”

ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಅದಕ್ಕೇ! ನೀರೆಲ್ಲಾ ಗೊಬ್ಬರ ಆಗೋಗೈತೆ. ಮೊದ್ಲು ಊಟ ಕಮ್ಮಿ ಮಾಡಿ. ಆಮ್ಯಾಕೆ ತೊಟ್ಟಿ ಒಳಗೆ ಕುಯ್ಯಲೇಬೇಡಿ. ಕಲ್ಲನ್ನ ಈಚೆಗೆ ತೆಗ್ದು, ಬೇರೆ ಬಕೆಟ್‌ನಾಗೆ ಇಟ್ಕೊಂಡು, ಬುಡದ ಚರ್ಮ ಸಮೇತ ಸುಲೀಬೇಕು. ಒಂದೇ ಒಂದು ಕಲ್ಲಿನ ಮ್ಯಾಲೆ ಜರಾ ಉಳಿಸ್ಕೊಂಡು, ಆ ಕಲ್ಲನ್ನ ಮರಳಿನ ಮಧ್ಯೆ ಒಂಟಿಯಾಗಿ ಇಟ್ಬುಡಿ. ಮರಳು ದಾಟೋದು ಅದಕ್ಕೆ ಕಷ್ಟ.”

“ಎತ್ತೋಕಾಗದ ಕಲ್ಲಿಗೆ ಏನು ಮಾಡೋದು?”

“ಸುಣ್ಣ. ಗಟ್ಟಿಯಾಗಿ ಕಲೆಸಿ ಸಿರಿಂಜ್‌ನಾಗೆ ಒಂದೊಂದ್ರ ಬುಡಕ್ಕೆ ಹಾಕಿ. ಲೇಕಿನ್ ಮೇಡಂ, ದಿನಕ್ಕೆ ಮೂರೋ ನಾಲ್ಕೋ. ಜಾಸ್ತಿ ಬ್ಯಾಡ.”

ಸಿರಿಂಜು ನನ್ನ ಚೀಲದಲ್ಲೇ ಇತ್ತು. ಸುಣ್ಣ ಅತ್ತೆಯ ಡಬ್ಬಿಯಲ್ಲಿ. ಅದು ಅವರೇ ಸುಣ್ಣದ ಕಲ್ಲು ತರಿಸಿ ನೀರು ಹಾಕಿ ಅರಳಿಸಿ ಸೋಸಿದ್ದು, ಬಣ್ಣವಿಲ್ಲ, ವಾಸನೆಯಿಲ್ಲ. ಕೇಳಿದಾಗ ಡಬ್ಬಿಯನ್ನು ಸೆರಗಿಗೆ ಒತ್ತಿಕೊಂಡರು. “ಬಾಯಿಗೆ ಹಾಕ್ಕೊಳ್ಳೋ ಸುಣ್ಣಾನ ಕಳೆಗೆ ಹಾಕ್ತೀಯಾ?” ಎಂದವರು, ಸ್ವಲ್ಪ ಹೊತ್ತಿನಲ್ಲೇ ತಾವಾಗಿ ಒಂದು ಬಟ್ಟಲಲ್ಲಿ ತೆಗೆದುಕೊಟ್ಟು ಕುರ್ಚಿಯನ್ನು ತೊಟ್ಟಿಗೆ ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಪಂಪು ನಿಲ್ಲಿಸಿ, ದಪ್ಪ ಸೂಜಿಯಿಂದ ನಾಲ್ಕು ಬುಡಗಳಿಗೆ ಸುಣ್ಣ ಸುರಿಸಿದೆ. ಆ ನಾಲ್ಕು ಕೈಗಳೂ ಒಂದು ಕ್ಷಣ ಅಗಲವಾಗಿ ಬಿಚ್ಚಿಕೊಂಡು, ಆಮೇಲೆ ಮುದುಡಿಕೊಂಡವು. ಮತ್ತೆ ಬಿಚ್ಚಲಿಲ್ಲ. ಇದಕ್ಕೆ ನೋವಾಗುತ್ತದೆಯೇ? ಮಿದುಳಿಲ್ಲದ ಪ್ರಾಣಿ ಎಂದು ಓದಿದ್ದೆ. ನೋವು ಎನ್ನಲು ಅದರೊಳಗೆ ಯಾರೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅಲ್ಲಿಯವರೆಗೆ ಸೂಜಿಯಿಂದ ಬದುಕಿಸುವ ಕೆಲಸವನ್ನಷ್ಟೇ ಮಾಡಿದ್ದ ಕೈ ನನ್ನದು. ಸ್ವಲ್ಪ ವಿಚಿತ್ರ ಅನಿಸಿತು. ಮೂರು ದಿನಕ್ಕೆ ಆ ಜಾಗ ಖಾಲಿಯಾಯಿತು.

ಆ ಗೆಲುವು ತಲೆಗೇರಿತು. ಒಂದು ಭಾನುವಾರ ಬೆಳಿಗ್ಗೆ, ದಿನಕ್ಕೆ ನಾಲ್ಕರ ಹಾಗೆ ಹೋದರೆ ಇದು ಎಂದೂ ಮುಗಿಯುವುದಿಲ್ಲ ಎಂದುಕೊಂಡು ಸಿರಿಂಜಿನ ಮೇಲೆ ಸಿರಿಂಜು ತುಂಬಿದೆ. ಹಿಂದಿನ ಗಾಜು ಪೂರ್ತಿ, ದೊಡ್ಡ ಕಲ್ಲು ಅರ್ಧ. ಅತ್ತೆ, “ಸಾಕು ಬುಡಮ್ಮ, ಆವಪ್ಪ ನಾಕೇ ಅಂದಿದ್ನಂತೆ,” ಎಂದರು. ನಾನು ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅತ್ತೆ ಕೂಗಿದರು. “ಬಾ ಇಲ್ಲಿ! ಮೀನು ಮ್ಯಾಕೆ ಬಂದು ಬಾಯಿ ಬುಡ್ತಾವೆ!”

ತೊಟ್ಟಿಯ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಎರಡು ಕ್ಲೌನ್ ಮೀನುಗಳು ನೀರಿನ ಮೇಲ್ಮೈಗೆ ಅಂಟಿಕೊಂಡು ಉಸಿರಿಗೆ ಒದ್ದಾಡುತ್ತಿದ್ದವು. ಒಂದೇ ಸಲ ಸತ್ತ ಜೀನಿಯಾ ಎಲ್ಲ ಕಡೆ ಕರಗುತ್ತಿತ್ತು. ನನ್ನ ಗಂಡ ಎಂಜಲು ಕೈಯಲ್ಲೇ ಎದ್ದು ಕ್ಯಾನು ಹಿಡಿದು ನೀರಿಗೆ ಓಡಿದರು. ನಾನು ಮೀನುಗಳನ್ನು ಜಾಲರಿಯಲ್ಲಿ ಎತ್ತಿ, ಹಿಂದಿನ ದಿನ ಕಲೆಸಿಟ್ಟಿದ್ದ ಉಪ್ಪುನೀರಿನ ಟಬ್ಬಿಗೆ ಬಿಟ್ಟು ಗಾಳಿಯ ಪೈಪು ಹಾಕಿದೆ. ಅತ್ತೆ ಮಂಡಿನೋವು ಮರೆತು ನೆಲದಲ್ಲಿ ಕೂತು ಬಕೆಟ್ಟಿನಲ್ಲಿ ಉಪ್ಪು ತಿರುವುತ್ತಿದ್ದರು. ಕೆಟ್ಟ ನೀರನ್ನು ಹೊರಗೆ ಹಾಕುವುದು, ಹೊಸ ನೀರು ಸುರಿಯುವುದು, ಕೊಳೆತದ್ದನ್ನು ಪೈಪಿನಿಂದ ಎಳೆಯುವುದು, ಇದರಲ್ಲೇ ಸಂಜೆಯಾಯಿತು. ಅವಸರದಲ್ಲಿ ಯಾರೋ ಒಂದು ಬಕೆಟ್ಟನ್ನು ಕರಿಬೇವಿನ ಬುಡಕ್ಕೆ ಸುರಿದಿದ್ದರು. ಆ ಗಿಡ ಆಮೇಲೆ ಎದ್ದೇಳಲಿಲ್ಲ.

ಕ್ಲೌನ್ ಮೀನುಗಳು ಬದುಕಿದವು. ಮರಳಿನ ಮೇಲೆ ಅನುಮಾನದಿಂದ ಕೂರುತ್ತಿದ್ದ ಆ ಚಿಕ್ಕ ಮೀನು ಒಂದು ಕಲ್ಲಿನ ಹಿಂದೆ ಸತ್ತು ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಿಲಲ್ಲಿ ನಿಂತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಒಂದು ಮೇಕೆಮರಿಗೂ ತೂಕ ನೋಡದೆ ಔಷಧಿ ಕೊಟ್ಟವಳಲ್ಲ ನಾನು. ಈ ನೀರಿಗೆ ಮಾತ್ರ ಕೈಗೆ ಬಂದಷ್ಟು ಸುರಿದಿದ್ದೆ.

ಅತ್ತೆ ಬೈಯಲಿಲ್ಲ. ಕಾಫಿ ಲೋಟ ತಂದು ಕೈಗಿಟ್ಟು, “ನಾನೂ ಒಂದ್ ದಪ ಹೊಲಕ್ಕೆ ಕಳೆ ಔಷ್ದಿ ಜಾಸ್ತಿ ಹೊಡ್ದು ಕಡ್ಲೆಕಾಯಿನೂ ಸುಟ್ಟಿದ್ದೆ. ನಿಮ್ಮಾವ ಎಂಟು ದಿನ ಉಣ್ಣೋಕೆ ಬರ್ಲಿಲ್ಲ,” ಎಂದರಷ್ಟೇ.

ವಿಚಿತ್ರವೆಂದರೆ, ಅಷ್ಟೆಲ್ಲ ಆದ ಮೇಲೂ ಜೀನಿಯಾ ಸಾಯಲಿಲ್ಲ. ಸುಣ್ಣ ಬೀಳದ ಕಲ್ಲುಗಳ ಮೇಲೆ ಅಲ್ಲಲ್ಲಿ, ಪಂಪಿನ ಕೆಳಗೆ ಒಂದು ಗೊಂಚಲು, ದೊಡ್ಡ ಕಲ್ಲಿನ ಹಿಂಬದಿ ಇನ್ನೊಂದು. ಎರಡು ದಿನ ಮುದುಡಿಕೊಂಡಿದ್ದು ಮೂರನೇ ದಿನ ಕೈ ಬಿಚ್ಚಿದವು. ನನಗೆ ಸಿಟ್ಟು ಬರಬೇಕಿತ್ತು, ಕುತೂಹಲ ಬಂತು. ಇದನ್ನು ಕೊಲ್ಲುವುದನ್ನು ಬಿಟ್ಟು ಮೊದಲು ತಿಳಿದುಕೊಳ್ಳಬೇಕು ಅನಿಸಿತು.

ಶಿರಾದ ಭಾಯಿ ಹೇಳಿದ್ದನ್ನು ಈ ಸಲ ಅಕ್ಷರಶಃ ಮಾಡಿದೆ. ವಾರಕ್ಕೊಂದು ಕಲ್ಲು ಹೊರಗೆ ತೆಗೆದು, ಉಪ್ಪುನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು, ಬ್ಲೇಡಿನಿಂದ ಬುಡದ ತೆಳು ಚರ್ಮವನ್ನು ಎಬ್ಬಿಸಿ ಸುಲಿದೆ. ಅಂಚು ಸರಿಯಾಗಿ ಸಿಕ್ಕರೆ ಕಿತ್ತಳೆಯ ಸಿಪ್ಪೆಯ ಹಾಗೆ ಒಂದೇ ಎಳೆಗೆ ಬರುತ್ತದೆ. ಸಾಸಿವೆ ಕಾಳಿನಷ್ಟು ಉಳಿದರೂ ಅಲ್ಲಿಂದ ಹುಟ್ಟುತ್ತದೆ. ಹಾಗಾಗಿ ಕೊನೆಗೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆಯುತ್ತಿದ್ದೆ. ಮೀನಿನ ಊಟ ಮತ್ತೆ ಎರಡೇ ಚಿಟಿಕೆಗೆ ಇಳಿಯಿತು. ಒಂದು ಕಲ್ಲಿನ ಮೇಲೆ ಮಾತ್ರ ಜೀನಿಯಾ ಉಳಿಸಿ, ಅದನ್ನು ಮರಳಿನ ನಡುವೆ, ಎಲ್ಲದರಿಂದ ಒಂದು ಗೇಣು ದೂರದಲ್ಲಿ ಇಟ್ಟೆ.

ಆದರೂ ಅದು ಎಡಗಡೆಯ ಗಾಜಿನ ಕಡೆಗೆ ವಾಲತೊಡಗಿತು. ಬೆಳಕಿನ ಕಡೆಗೆ ಇರಬೇಕು ಎಂದು ನಾನು ದೀಪವನ್ನು ಬಲಕ್ಕೆ ಸರಿಸಿದೆ. ಅದು ತಿರುಗಲಿಲ್ಲ.

“ಬೆಳಕಲ್ಲ ಕಣಮ್ಮ,” ಎಂದರು ಅತ್ತೆ. “ನಾನು ದಿನಾ ನೋಡ್ತಾ ಇವ್ನಿ. ಅದು ನೀರು ಬಂದು ಬಡಿಯೋ ಕಡೀಕೆ ಓಗ್ತೈತೆ. ಆ ಪೈಪು ತಿರುಗ್ಸಿ ನೋಡು.”

ತಿರುಗಿಸಿದೆ. ಒಂದು ವಾರ ಏನೂ ಆಗಲಿಲ್ಲ. ಎರಡನೇ ವಾರದ ಕೊನೆಗೆ ಹೊಸ ಕಡ್ಡಿಗಳು ಬಲಕ್ಕೆ ಮುಖ ಮಾಡಿ ಹೊರಟವು. ಎಲ್ಲ ಜೀನಿಯಾವೂ ಹೀಗೇ ಮಾಡುತ್ತದೆಯೋ ನನಗೆ ಗೊತ್ತಿಲ್ಲ. ನಮ್ಮ ತೊಟ್ಟಿಯದು ಮಾಡಿತು. ಐದು ವರ್ಷ ಓದಿ ಡಿಗ್ರಿ ತೆಗೆದುಕೊಂಡ ನಾನು ಗಮನಿಸದ್ದನ್ನು ಅವರು ಕುರ್ಚಿಯಲ್ಲಿ ಕೂತು, ಎಲೆ ಮೆಲ್ಲುತ್ತಾ, ಬರೀ ನೋಡಿ ಕಂಡುಹಿಡಿದಿದ್ದರು.

ಅದರಿಂದ ಒಂದು ಉಪಾಯ ಹುಟ್ಟಿತು. ಅದು ಹೋಗುವ ದಾರಿಯಲ್ಲೇ, ಮೂಲ ಕಲ್ಲಿಗೆ ತಾಗಿಸಿ, ನಿಂಬೆಹಣ್ಣಿನಷ್ಟು ದಪ್ಪದ ಖಾಲಿ ಕಲ್ಲಿನ ಚೂರುಗಳನ್ನು ಇಟ್ಟೆವು. ಜೀನಿಯಾ ತಾನಾಗಿ ಚೂರಿನ ಮೇಲೆ ಹತ್ತಿತು. ಹತ್ತಿ ಸರಿಯಾಗಿ ನೆಲೆ ಹಿಡಿದ ಮೇಲೆ ನಡುವಿನ ಕೊಂಡಿಯನ್ನು ಬ್ಲೇಡಿನಿಂದ ಕತ್ತರಿಸಿ ಚೂರನ್ನು ಎತ್ತಿಕೊಂಡರೆ ಆಯಿತು. ಸುಣ್ಣ ಬೇಡ, ಕೊಳೆಯುವುದಿಲ್ಲ, ತೇಲಿ ಹೋಗುವುದಿಲ್ಲ. ಎತ್ತಿದ ಜಾಗಕ್ಕೆ ಇನ್ನೊಂದು ಖಾಲಿ ಚೂರು.

ಮೊದಲ ಮೂರು ಚೂರುಗಳನ್ನು ಉಪ್ಪುನೀರಿನ ಡಬ್ಬಿಯಲ್ಲಿಟ್ಟು, ಲಸಿಕೆಯ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಐಸಿಲ್ಲದೆ ಕೂರಿಸಿಕೊಂಡು ಬಸ್ಸಿನಲ್ಲಿ ಶಿರಾಕ್ಕೆ ಒಯ್ದೆ. ಭಾಯಿ ಕೌಂಟರಿನ ಮೇಲೆ ಒಂದು ಚಿಕ್ಕ ಉಪ್ಪುನೀರಿನ ತೊಟ್ಟಿ ಸಿದ್ಧ ಮಾಡಿಟ್ಟಿದ್ದರು. ಚೂರುಗಳು ಬಸ್ಸಿನ ಕುಲುಕಾಟಕ್ಕೆ ಮುದುಡಿ ಹೋಗಿದ್ದವು. ನಾವಿಬ್ಬರೂ ಟೀ ಕುಡಿಯುತ್ತಾ ಕಾದೆವು. ಮುಕ್ಕಾಲು ಗಂಟೆಯ ಮೇಲೆ ಒಂದು ಕೈ ಬಿಚ್ಚಿತು, ಮುಚ್ಚಿತು.

“ಮಾಷಾಲ್ಲಾ,” ಎಂದರು ಭಾಯಿ. ಹಕ್ಕಿಗೆ ಕಾಳು ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಕಾಳು ಮರೆತು ಬಗ್ಗಿ ನಿಂತರು. ಈಗ ಆ ತೊಟ್ಟಿ ನೋಡಲೆಂದೇ ಜನ ಬರುತ್ತಾರಂತೆ. ಕೊರಟಗೆರೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಅಲ್ಲಿಂದ ಒಂದು ಚೂರು ತೆಗೆದುಕೊಂಡು ಹೋಗಿದ್ದಾರೆ. ಕೊಡುವ ಮುಂಚೆ ಭಾಯಿ, ಊಟ ಕಮ್ಮಿ, ಕತ್ತರಿ ಬೇಡ, ಒಂಟಿ ಕಲ್ಲು ಎಂದು ಮೇಷ್ಟ್ರ ಬಾಯಲ್ಲೇ ಮೂರು ಸಲ ಹೇಳಿಸಿದರಂತೆ.

ತೊಗಲು ಹವಳ ಅರಳಲು ಎರಡು ತಿಂಗಳು ಹಿಡಿಯಿತು. ಮೊದಲು ಅಂಚಿನಲ್ಲಿ, ಆಮೇಲೆ ಮೈತುಂಬಾ, ಎಳ್ಳಿನ ಗಾತ್ರದ ಬಾಯಿಗಳು ಹೊರಬಂದವು. ಕ್ಲೌನ್ ಮೀನುಗಳು ತಾವು ಒರಗುತ್ತಿದ್ದ ಜೀನಿಯಾದ ಹಾಸಿಗೆ ಇಲ್ಲವಾದದ್ದಕ್ಕೆ ಕೆಲವು ದಿನ ಮೂಲೆಯಲ್ಲಿ ಪೆಚ್ಚಾಗಿ ನೇತಾಡುತ್ತಿದ್ದವು. ಆಮೇಲೆ, ನಾನು ಸುಲಿದು ಬೋಳು ಮಾಡಿದ್ದ ದೊಡ್ಡ ಕಲ್ಲಿನ ಒಂದು ಪಕ್ಕವನ್ನು ಹೆಣ್ಣುಮೀನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡಿ ಕಿತ್ತಳೆ ಬಣ್ಣದ ಮೊಟ್ಟೆಗಳನ್ನಿಟ್ಟಿತು. ಮರಿ ಒಂದೂ ಉಳಿಯಲಿಲ್ಲ. ಆದರೆ ಆ ಕಲ್ಲಿನ ಬಳಿಗೆ ನನ್ನ ಕೈ ಹೋದರೆ ಈಗಲೂ ಕಚ್ಚುತ್ತದೆ. ಅಲ್ಲಿ ಚಿಗುರಿದ ಒಂದು ಜೀನಿಯಾ ಎಳೆಯನ್ನು ಅದೇ ಕಚ್ಚಿ ಕಿತ್ತೆಸೆದದ್ದನ್ನು ನಾನು ಮತ್ತು ಅತ್ತೆ ಇಬ್ಬರೂ ನೋಡಿದ್ದೇವೆ.

ಕಳೆದ ಬೇಸಿಗೆಯಲ್ಲಿ ಒಂಬತ್ತು ದಿನ ಜೀನಿಯಾ ಕೈ ಆಡಿಸುವುದನ್ನು ನಿಲ್ಲಿಸಿಬಿಟ್ಟಿತ್ತು. ಬಿಚ್ಚಿದ ಕೈ ಬಿಚ್ಚಿದ ಹಾಗೇ. ನೀರಿನ ಉಪ್ಪು ಅಳೆದೆ, ಬಿಸಿ ಅಳೆದೆ, ಎಲ್ಲ ಸರಿಯಾಗಿತ್ತು. ಕೀಳುವುದಕ್ಕೆ ಅಷ್ಟೆಲ್ಲ ಪಾಡುಪಟ್ಟ ನಾನೇ ಅದು ಸಾಯುತ್ತದೇನೋ ಎಂದು ಭಾಯಿಗೆ ದಿನಕ್ಕೆರಡು ಸಲ ಫೋನು ಮಾಡಿದೆ. ಹತ್ತನೇ ದಿನ ಯಾರೂ ಏನೂ ಮಾಡದೆ ಅದು ಮತ್ತೆ ಶುರುಮಾಡಿತು. ಯಾಕೆ ನಿಲ್ಲಿಸಿತು, ಯಾಕೆ ಶುರುಮಾಡಿತು ನನಗೆ ಇಂದಿಗೂ ತಿಳಿಯದು.

ಮೊನ್ನೆ ಅತ್ತೆ ಮಗಳ ಮನೆಗೆಂದು ಪಾವಗಡಕ್ಕೆ ಹೋಗಿದ್ದಾರೆ. ದಿನಾ ಸಂಜೆ ಫೋನು ಬರುತ್ತದೆ. ಮಗ ಹೇಗಿದ್ದಾನೆ ಎಂದು ಕೇಳುವುದು ಎರಡನೇ ಮಾತು.

“ಆಚೆಗೇನಾದ್ರೂ ದಾಟ್ತಾ?”

“ಇಲ್ಲ ಅತ್ತೆ, ಕಲ್ಲಿನ ಮೇಲೇ ಐತೆ.”

“ಪಂಪಿನ ಸಂದೀನಾಗೆ ನೋಡ್ದಾ? ಬಗ್ಗಿ ನೋಡು, ನಿಂತ್ಕೊಂಡು ನೋಡಿದ್ರೆ ಕಾಣಲ್ಲ.”

ಫೋನನ್ನು ಕಿವಿಗಿಟ್ಟುಕೊಂಡೇ ಬಗ್ಗಿ ನೋಡಿದೆ. ಪಂಪಿನ ಹಿಂದೆ, ಗಾಜಿನ ಮೇಲೆ, ಅಕ್ಕಿಕಾಳಿನ ಗಾತ್ರದ ಒಂದು ಕೈ. ಬಿಚ್ಚಿತು, ಮುಚ್ಚಿತು.

“ಒಂದೈತೆ ಅತ್ತೆ,” ಎಂದೆ.

“ಅಂಗೇ ಇರ್ಲಿ, ನಾನು ಬರೋಗಂಟ ಮುಟ್ಬ್ಯಾಡ. ಅದು ಅಲ್ಲಿಗೆ ಹೆಂಗೆ ಓಯ್ತು ಅಂತ ನೋಡ್ಬೇಕು,” ಎಂದರು.